ಅರವತ್ತು ಇಂಚಿನ ದೂರ

ನಮ್ಮವ್ವ ಅಲ್ಲಾಡಿದ್ದಳೋ ಇಲ್ಲವೋ ಎಂಬುದು ನಮ್ಮ ಎರಡು ಮನೆಗಳ ನಡುವಿನ ಹಳೆಯ ವ್ಯಾಜ್ಯ. ರಾಯದುರ್ಗದ ನಮ್ಮಪ್ಪನ ಪ್ರಕಾರ ಅಲ್ಲಾಡಿದ್ದಳು. ಮಡಕಶಿರಾ ಕಡೆಯ ಅಜ್ಜಿಯ, ಅಂದರೆ ಅವ್ವನನ್ನು ಹೆತ್ತವಳ ಪ್ರಕಾರ ಇಲ್ಲ. ಸಾಕ್ಷಿ ಎಂದು ಇದ್ದದ್ದು ಒಂದೇ ಒಂದು ಫೋಟೋ. ಅದರಲ್ಲಿ ಅವ್ವನ ಕಣ್ಣುಗಳು ಮಸುಕಾಗಿವೆ.

ಅವಳು ಹೋದಾಗ ನಾನು ಎರಡನೇ ಕ್ಲಾಸು. ಮುಖ ನೆನಪಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿರುವುದು ಮುಖವೋ, ಹೊಲಿಗೆ ಮೆಷಿನ್ನಿನ ಮೇಲಿನ ಗೋಡೆಗೆ ತೂಗುಹಾಕಿದ ಆ ಫೋಟೋವೋ ಎಂದು ಬಿಡಿಸಿ ಹೇಳಲು ನನ್ನಿಂದಾಗದು. ಮದುವೆ ಆಲ್ಬಮ್ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ಅದರ ತುಂಬ ಅವ್ವ ತಲೆ ತಗ್ಗಿಸಿದ್ದಾಳೆ, ಬಾಸಿಂಗ ಹಣೆಯನ್ನು ಮುಚ್ಚಿದೆ, ಯಾರೋ ಒಬ್ಬರ ಕೈ ಅಕ್ಷತೆ ಹಾಕಲು ಅಡ್ಡ ಬಂದಿದೆ. ನೇರವಾಗಿ ನಮ್ಮ ಕಡೆ ನೋಡುವ ಅವ್ವ ಇರುವುದು ಗೋಡೆಯ ಮೇಲೆ ಮಾತ್ರ. ಆ ಅವ್ವ ನೋಡುತ್ತಿದ್ದಾಳೆಂದು ಗೊತ್ತಾಗುತ್ತದೆ, ಹೇಗೆ ನೋಡುತ್ತಿದ್ದಾಳೆಂದು ಗೊತ್ತಾಗುವುದಿಲ್ಲ.

ವರ್ಷಕ್ಕೊಮ್ಮೆ ಅವ್ವನಿಗೆ ಎಡೆ ಇಡುವ ದಿನ ಅಜ್ಜಿ ಅಮರಾಪುರದ ಹತ್ತಿರದ ಹಳ್ಳಿಯಿಂದ ಎರಡು ಕಡೆ ಬಸ್ಸು ಬದಲಿಸಿ ಬರುತ್ತಿದ್ದಳು. ಚೀಲದಲ್ಲಿ ಹಸಿ ಕಡಲೆಕಾಯಿ, ರಾಗಿ ಹಿಟ್ಟು. ಕಾಲು ತೊಳೆದು ಒಳಗೆ ಬಂದವಳು ಮೊದಲು ಫೋಟೋದ ಮುಂದೆ ನಿಲ್ಲುತ್ತಿದ್ದಳು. ಗಾಜಿನ ಮೇಲೆ ಹಣೆಯಿರುವ ಕಡೆ ಕುಂಕುಮ ಇಟ್ಟು, ಸೆರಗಿನಿಂದ ಒರೆಸಿ, ಮತ್ತೆ ಇಟ್ಟು, ಆಮೇಲೆ ಶುರು ಮಾಡುತ್ತಿದ್ದಳು.

“ಅಳಿಯಂದ್ರೇ, ಊರೋರ್ದೆಲ್ಲ ಮುಖ ತೆಗುದ್ರಿ. ನನ್ ಮಗ್ಳು ಮುಖ ಎಲ್ಲೈತೆ ಇದ್ರಾಗೆ?”

“ನಿಮ್ಮ ಮಗಳು ಒಂದು ಗಳಿಗಿ ಸುಮ್ಮ ಕುಂತಿದ್ರ ಬರ್ತಿತ್ತು ಅತ್ತಿ. ಅಲ್ಲಾಡಿದ್ಲು.”

“ಅವ್ಳಾ? ರೇಷ್ಮೆ ಹುಳದ ಮನೇಲಿ ಉಸ್ರೂ ಬಿಡ್ದಂಗೆ ಕೂತ್ಕಂಡು ಹಣ್ಣಾದ್ ಹುಳ ಆರಿಸ್ತಿದ್ದೋಳು ಕಣಪ್ಪ ಅವ್ಳು! ನಿಮ್ ಕ್ಯಾಮ್ರಾನೇ ಅಲ್ಲಾಡಿರ್ಬೇಕು, ನೋಡ್ಕಳಿ.”

“ಕ್ಯಾಮ್ರಾ ಸ್ಟ್ಯಾಂಡಿನ ಮ್ಯಾಲಿತ್ತು ಅತ್ತಿ.”

“ಸ್ಟ್ಯಾಂಡು ಅಲ್ಲಾಡಿರ್ಬೇಕು.”

“ಹಂಗಾರ ರಾಯದುರ್ಗದ ಬೆಟ್ಟಾನೂ ಅಲ್ಲಾಡಿರಬೇಕು ಬಿಡ್ರಿ.”

ಇದಾದ ಮೇಲೆ ಊಟ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೆನ್ನೆ ಹಿಂಡಿ, “ನಿಮ್ಮಪ್ಪನ್ ಮಾತ ನಂಬ್‌ಬ್ಯಾಡ ಕೂಸೇ” ಎಂದು ಹೇಳಿ ಹತ್ತುತ್ತಿದ್ದಳು. ಮನೆಗೆ ಬಂದರೆ ಅಪ್ಪ, “ನಿಮ್ಮಜ್ಜಿಗೆ ಸೋಲೋದು ಗೊತ್ತಿಲ್ಲ” ಎನ್ನುತ್ತಿದ್ದ.

ಇಂಥ ಮನೆಯಲ್ಲಿ ಬೆಳೆದ ನಾನು ಚರ್ಚಾಸ್ಪರ್ಧೆಗೆ ಬಿದ್ದದ್ದು ಆಶ್ಚರ್ಯವೇನಲ್ಲ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಿ ಶೀಲ್ಡ್ ತಂದೆ. ಅಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಒಂದೇ: ಹೇಳಿದವನು ತೋರಿಸಬೇಕು. ಅಲ್ಲಾಡಿದ್ದಳು ಎನ್ನುವವನು ಅಲ್ಲಾಡಿದ್ದನ್ನು ತೋರಿಸಬೇಕು, ಅಲ್ಲಾಡಲಿಲ್ಲ ಎನ್ನುವವಳು ಮತ್ಯಾಕೆ ಮಸುಕಾಯಿತು ಎಂದು ತೋರಿಸಬೇಕು. ನಮ್ಮ ಮನೆಯಲ್ಲಿ ಇಬ್ಬರೂ ತೋರಿಸಲಿಲ್ಲ. ಇಬ್ಬರ ಹತ್ತಿರವೂ ಇದ್ದದ್ದು ದನಿ.

ಅಪ್ಪ ಟೈಲರ್. ಈಗ ಊರಿನ ಅರ್ಧದಷ್ಟು ಮನೆಗಳಂತೆ ನಮ್ಮದೂ ಜೀನ್ಸ್ ಹೊಲಿಯುವ ಮನೆ. ಆಗ ಅಂಗಡಿಯಲ್ಲಿ ಷರ್ಟು, ಪ್ಯಾಂಟು, ರವಿಕೆ ಎಲ್ಲ ಹೊಲಿಯುತ್ತಿದ್ದ, ಅದರ ಜೊತೆಗೆ ಫೋಟೋ. ಬಳ್ಳಾರಿಯಲ್ಲೊಂದು ಹಳೆಯ ಸ್ಟುಡಿಯೋ ಬಾಗಿಲು ಹಾಕುವಾಗ ಅಲ್ಲಿಂದ ಒಂದು ರೇಂಜ್‌ಫೈಂಡರ್ ಕ್ಯಾಮೆರಾ ಅವನ ಕೈಗೆ ಬಂದಿತ್ತು. ಹೊಸ ಬಟ್ಟೆ ಹೊಲಿಸಿಕೊಂಡವರು ಅಲ್ಲೇ ಪರದೆಯ ಹಿಂದೆ ಹೋಗಿ ತೊಟ್ಟುಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿ, ಅಲ್ಲೇ ಸ್ಟೂಲಿನ ಮೇಲೆ ಕೂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಕಣೇಕಲ್ಲು, ಬೊಮ್ಮನಹಾಳ್ ಕಡೆಯಿಂದ ಹೆಣ್ಣು ನೋಡಲು ಹೊರಟ ಗಂಡುಗಳಿಗೆ ಅದು ಒಂದೇ ದಿನದಲ್ಲಿ ಮುಗಿಯುವ ಕೆಲಸ.

ರೇಂಜ್‌ಫೈಂಡರ್ ಎಂದರೆ ಲೆನ್ಸಿನ ಮೂಲಕ ನೋಡುವ ಕ್ಯಾಮೆರಾ ಅಲ್ಲ. ಪಕ್ಕದಲ್ಲಿ ಒಂದು ಪುಟ್ಟ ಕಿಂಡಿ ಇರುತ್ತದೆ, ಅದರ ಮೂಲಕ ನೋಡಬೇಕು. ಕಿಂಡಿಯ ನಡುವೆ ಹಳದಿ ಬಣ್ಣದ ಸಣ್ಣ ಚೌಕ, ಅದರೊಳಗೆ ಎದುರಿಗಿದ್ದವರು ಎರಡೆರಡಾಗಿ ಕಾಣುತ್ತಾರೆ. ಲೆನ್ಸು ತಿರುಗಿಸುತ್ತ ಹೋದರೆ ಎರಡು ಮೂಗು ಒಂದಾಗುತ್ತದೆ. ಒಂದಾದಾಗ ಫೋಕಸ್ ಸರಿಯಾಯಿತು ಎಂದು ಲೆಕ್ಕ. ಅಪ್ಪನ ಕ್ಯಾಮೆರಾದ ಆ ಚೌಕ ಕಾಲ ಕಳೆದಂತೆ ಮಾಸಿ, ಕೊನೆಗೆ ಏನೂ ಕಾಣದಂತಾಯಿತು. ಬೇರೆಯವನಾಗಿದ್ದರೆ ರಿಪೇರಿಗೆ ಕಳಿಸುತ್ತಿದ್ದ. ಅಪ್ಪ ಟೈಲರ್, ಕೊರಳಲ್ಲಿ ಟೇಪ್ ಇತ್ತು.

ಟೇಪು ಅರವತ್ತು ಇಂಚು. ಅರವತ್ತು ಇಂಚು ಎಂದರೆ ಐದಡಿ. ಲೆನ್ಸಿನ ಮೇಲೆ ಅಡಿಗಳ ಗುರುತು ಇತ್ತು. ಐದರ ಗುರುತಿನ ಮೇಲೆ ಅಪ್ಪ ಅವ್ವನ ಉಗುರು ಬಣ್ಣದಿಂದ ಕೆಂಪು ಚುಕ್ಕೆ ಇಟ್ಟ. ಟೇಪಿನ ಒಂದು ತುದಿ ಕ್ಯಾಮೆರಾದ ಬೆಲ್ಟ್ ಉಂಗುರಕ್ಕೆ, ಇನ್ನೊಂದು ತುದಿ ಕೂತವರ ಕೈಗೆ. “ಕಣ್ಣಿನ ಪಕ್ಕಕ್ಕ ಹಿಡೀರಿ.” ಟೇಪು ಬಿಗಿಯಾಗುವ ತನಕ ಸ್ಟ್ಯಾಂಡನ್ನು ಹಿಂದಕ್ಕೆ ಎಳೆಯುತ್ತಿದ್ದ. ಸೊಂಟದಳತೆ ತೆಗೆಯುವಂತೆ ಒಂದು ಸಲ ಜಗ್ಗಿ ನೋಡುತ್ತಿದ್ದ. “ಬಿಡ್ರಿ. ಈಗ ಅಲ್ಲಾಡಬ್ಯಾಡ್ರಿ.” ತೆಲುಗಿನವರಾದರೆ “ಕದಲಕಂಡಿ.” ಟಕ್. ಅಂಗಡಿಯೊಳಗೆ ಬೆಳಕು ಕಡಿಮೆ, ಆದ್ದರಿಂದ ಲೆನ್ಸಿನ ಬಾಯಿಯನ್ನು ಪೂರ್ತಿ ತೆರೆದೇ ಇಡುತ್ತಿದ್ದ. ಹಾಗೆ ತೆರೆದಾಗ ಮುಖದ ಮುಂದೆ ಹಿಂದೆ ಒಂದೆರಡು ಬೆರಳು ಅಗಲದಷ್ಟು ಮಾತ್ರ ಸ್ಪಷ್ಟವಾಗಿ ಬರುತ್ತದೆ. ಅಳತೆ ಸರಿಯಿದ್ದರೆ ಅಷ್ಟು ಸಾಕು.

ಕೊನೆಕೊನೆಯ ವರ್ಷಗಳಲ್ಲಿ ಫೋಟೋಗಳು ಮೆತ್ತಗೆ ಬರತೊಡಗಿದವು. ಅಪ್ಪ ಒಂದೇ ಉತ್ತರ ಹೇಳುತ್ತಿದ್ದ: ಅಲ್ಲಾಡಿದಿರಿ. ಜನ ನಂಬುತ್ತಿದ್ದರು. “ತಪ್ಪಾತ್ರಿ, ಕೆಮ್ಮು ಬಂದಂಗಾತು” ಎಂದು ತಾವೇ ಕಾರಣ ಕೊಡುತ್ತಿದ್ದರಂತೆ. ಇದನ್ನು ಅಪ್ಪ ನಗುತ್ತ ಹೇಳುತ್ತಿದ್ದ. ಮನೆಯವಳ ಫೋಟೋ ಮಾತ್ರ ನಾಳೆ ನಾಳೆ ಎಂದು ಮುಂದಕ್ಕೆ ಹೋಗುತ್ತಿತ್ತು. ಮನೆಯವಳು ಎಲ್ಲಿಗೆ ಹೋಗುತ್ತಾಳೆ? ಒಂದು ದಿನ ಫಿಲ್ಮ್ ರೋಲಿನ ಕೊನೆಯಲ್ಲಿ ಒಂದು ಚಿತ್ರಕ್ಕೆ ಜಾಗ ಉಳಿದಿತ್ತು. ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ ಕೂತಿದ್ದ ಅವ್ವನನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದ. ಪ್ರಿಂಟ್ ಬರುವ ಹೊತ್ತಿಗೆ ಅವ್ವ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಳು. ಅಲ್ಲಿಂದ ಮನೆಗೆ ಬರಲಿಲ್ಲ. ಅಪ್ಪ ಆ ವರ್ಷವೇ ಕ್ಯಾಮೆರಾಕ್ಕೆ ಆ ಟೇಪನ್ನೇ ಸುತ್ತಿ ಟ್ರಂಕಿನಲ್ಲಿಟ್ಟ. ಅಂಗಡಿಗೆ ಹೊಸ ಟೇಪು ತಂದ.

ವರ್ಷಗಳಾದ ಮೇಲೆ ಆ ಕ್ಯಾಮೆರಾವನ್ನು ಟ್ರಂಕಿನಿಂದ ಹೊರಗೆ ತೆಗೆದವಳು ನಾನು. ಭಾವುಕತೆಯಿಂದ ಅಲ್ಲ, ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಜೀನ್ಸ್ ವ್ಯಾಪಾರಿಗಳಿಗೆ ಪ್ಯಾಂಟಿನ ಫೋಟೋ ತೆಗೆದುಕೊಡುವುದು ನನ್ನ ಕೆಲಸ. ವಾಟ್ಸಾಪಿನಲ್ಲಿ ಕಳಿಸಲು, ಆನ್‌ಲೈನ್ ಅಂಗಡಿಗೆ ಹಾಕಲು. ಅದಕ್ಕೆಂದು ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಂಡಿದ್ದೆ. ಒಳಗೆ ಕನ್ನಡಿ ಇಲ್ಲದ್ದರಿಂದ ಈ ಕ್ಯಾಮೆರಾ ತೆಳು. ಹಳೆಯ ರೇಂಜ್‌ಫೈಂಡರ್ ಲೆನ್ಸು ಮತ್ತು ಇದರ ಮೈ, ಎರಡರ ನಡುವೆ ಒಂದು ಲೋಹದ ಬಳೆ ಸೇರಿಸಿದರೆ ಆ ಲೆನ್ಸು ಇಲ್ಲಿ ಕೂರುತ್ತದೆ. ಬಳೆಗೆ ಅಡಾಪ್ಟರ್ ಎಂದು ಹೆಸರು. ಅದರೊಳಗೆ ಗಾಜಿಲ್ಲ, ಯಂತ್ರವಿಲ್ಲ, ಇರುವುದು ದೂರ ಮಾತ್ರ. ಹೊಸ ಲೆನ್ಸು ಕೊಳ್ಳುವ ಬದಲು ಬಳೆ ತರಿಸುವುದು ಸುಲಭ ಎಂದು ತರಿಸಿದೆ.

ಹಳೆಯ ಲೆನ್ಸುಗಳಿಗೆ ಆತ್ಮ ಇದೆ ಎಂದು ಬರೆಯುವವರು ಇಂಟರ್ನೆಟ್ಟಿನಲ್ಲಿ ತುಂಬಿದ್ದಾರೆ. ಅವರೊಡನೆ ನಾನು ಸಾಕಷ್ಟು ಜಗಳ ಮಾಡಿದ್ದೇನೆ. ಗಾಜಿಗೆ ಆತ್ಮ ಇಲ್ಲ. ಅವರು ಆತ್ಮ ಎಂದು ಕರೆಯುವುದು ಬಹುಮಟ್ಟಿಗೆ ಒಳಗೆ ಕಟ್ಟಿದ ಮಬ್ಬು, ಮತ್ತು ಬೂಜು. ಅಪ್ಪನ ಲೆನ್ಸಿನಲ್ಲೂ ಅಂಚಿನಲ್ಲಿ ಬೂಜಿನ ಎಳೆ ಇತ್ತು. ಅದರಲ್ಲಿ ತೆಗೆದ ನೀಲಿ ಜೀನ್ಸು ನಾಲ್ಕು ಸಲ ಒಗೆದು ಬಿಸಿಲಿಗೆ ಹಾಕಿದಂತೆ ಬಂತು. ವ್ಯಾಪಾರಿ ನೋಡಿ, “ಏನಮ್ಮಾ, ಹಳೇ ಪ್ಯಾಂಟ್ ಮಾರಕ್ಕ ಹೊಂಟೀವೇನು?” ಎಂದ. ಲೆನ್ಸು ಮತ್ತೆ ಟ್ರಂಕಿಗೆ ಹೋಗಬೇಕಿತ್ತು. ಆಗ ಕ್ಯಾಮೆರಾದ ಮೈಯನ್ನೂ ಒಮ್ಮೆ ಬಿಚ್ಚಿ ನೋಡಿದೆ. ಒಳಗಿನ ಶಟರ್ ಕಪ್ಪು ಬಟ್ಟೆಯದು. ಬಿಸಿಲು ತಾಗಿ ಸುಟ್ಟ ಒಂದು ತೂತಿಗೆ ಅಪ್ಪ ತೇಪೆ ಹಾಕಿದ್ದ. ಸೂಜಿಯ ಕೆಲಸ, ಬರಿಗಣ್ಣಿಗೆ ಕಾಣದಷ್ಟು ನಯ. ಆ ತೇಪೆಯನ್ನು ನೋಡಿದ ಮೇಲೆ ಮುಚ್ಚಿಡಲು ಮನಸ್ಸಾಗಲಿಲ್ಲ. ಅವ್ವನ ಫೋಟೋದ ನೆಗೆಟಿವ್ ಎಲ್ಲಿದೆ ಎಂದು ಅಪ್ಪನನ್ನು ಕೇಳಿದೆ.

“ಯಾಕ?”

“ಸುಮ್ನೆ. ಅವ್ವ ಅಲ್ಲಾಡಿದ್ದು ನಿಜ ಆದ್ರೆ ಅದರಾಗ ಗೊತ್ತಾಗುತ್ತೆ.”

“ನಿಜ ಆದ್ರ ಅಂದ್ರ? ನಾ ಏನು ಸುಳ್ಳು ಹೇಳ್ತೀನೇನವ್ವ?” ಎಂದ. ಆದರೂ ಗುಂಡಿ ಡಬ್ಬಿಯ ತಳದಿಂದ ತೆಗೆದುಕೊಟ್ಟ.

ಈ ಲೆನ್ಸುಗಳಿಗೆ ಒಂದು ಸ್ವಭಾವ ಇದೆ. ಮೂರೂವರೆ ಅಡಿಗಿಂತ ಹತ್ತಿರದ್ದು ಅವಕ್ಕೆ ಕಾಣುವುದಿಲ್ಲ. ಅದಕ್ಕಾಗಿ ಹಿಗ್ಗಿಸಬಹುದಾದ ಇನ್ನೊಂದು ಬಳೆ ಸಿಗುತ್ತದೆ, ತಿರುಗಿಸಿದರೆ ಲೆನ್ಸು ಕ್ಯಾಮೆರಾದಿಂದ ದೂರ ಸರಿದು ಹತ್ತಿರದ್ದೂ ಕಾಣತೊಡಗುತ್ತದೆ. ಅದನ್ನೂ ತರಿಸಿ, ಬೆಳಗುವ ಫೋನಿನ ಬಿಳಿ ಪರದೆಯ ಮೇಲೆ ನೆಗೆಟಿವ್ ಇಟ್ಟು, ಅವ್ವನನ್ನು ಕಂಡಿದ್ದ ಅದೇ ಲೆನ್ಸಿನಿಂದ ಅವ್ವನ ನೆಗೆಟಿವಿನ ಫೋಟೋ ತೆಗೆದೆ. ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ ಮಾಡಿ, ಬಿಳಿಯನ್ನು ಕಪ್ಪು ಮಾಡಿ, ದೊಡ್ಡದು ಮಾಡುತ್ತ ಹೋದೆ. ಕಣ್ಣು ಮಸುಕು. ಹುಬ್ಬು ಮಸುಕು. ಕಿವಿ ಇನ್ನೂ ಮಸುಕು. ಕೆಳಗೆ ಬಂದೆ.

ಮೂಗುಬಟ್ಟು ಇತ್ತು. ಅದರ ಬಿಳಿಯ ಹರಳುಗಳು ಒಂದೊಂದೂ ಬೇರೆ ಬೇರೆಯಾಗಿ ಎಣಿಸುವಂತಿದ್ದವು. ಒಂದು ಹರಳು ಇರಲಿಲ್ಲ, ಅದರ ಗೂಡು ಖಾಲಿ. ಮೂಗಿನ ತುದಿಯ ಮೇಲೆ ಬೆವರಿನ ಸಣ್ಣ ಹನಿಗಳು ಕಂಡವು. ಗೋಡೆಯ ಮೇಲಿನ ಫೋಟೋದಲ್ಲಿ ಇಷ್ಟು ವರ್ಷ ಇದನ್ನು ಯಾರೂ ನೋಡಿರಲಿಲ್ಲ. ಅಲ್ಲಿ ಪ್ರಿಂಟು ಚಿಕ್ಕದು, ಮೇಲೆ ಗಾಜು, ಗಾಜಿನ ಮೇಲೆ ಅಜ್ಜಿ ಒರೆಸಿ ಒರೆಸಿ ಮೂಗಿನವರೆಗೂ ಇಳಿದ ಕುಂಕುಮ.

ಅವ್ವ ಅಲ್ಲಾಡಿದ್ದರೆ ಮುಖವೆಲ್ಲ ಒಟ್ಟಿಗೆ ಅಲ್ಲಾಡಬೇಕು. ಮೂಗು ಸುಮ್ಮನಿದ್ದು ಕಣ್ಣು ಮಾತ್ರ ಹೇಗೆ ಅಲ್ಲಾಡುತ್ತದೆ? ಅಜ್ಜಿ ಗೆದ್ದಿದ್ದಳು. ನನಗೆ ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ವಾದದಲ್ಲಿ ಎದುರಾಳಿಯ ಮಾತಿನ ಬಿರುಕು ಸಿಕ್ಕಾಗ ಆಗುವ ಖುಷಿ. ಇನ್ನು ಉಳಿದದ್ದು ಒಂದು ಪ್ರಶ್ನೆ. ಫೋಕಸ್ ಕಣ್ಣಿನಿಂದ ಮುಂದಕ್ಕೆ, ಮೂಗಿನ ಹತ್ತಿರಕ್ಕೆ ಬಂದದ್ದು ಯಾಕೆ? ತಪ್ಪು ಲೆನ್ಸಿನದೋ, ಕೆಂಪು ಚುಕ್ಕೆಯದೋ?

ಅಂಗಡಿಯಲ್ಲೇ ನೋಡಿದೆ. ಕಟಿಂಗ್ ಟೇಬಲ್ಲಿನ ಎದುರಿನ ಗೋಡೆಗೆ ಒಂದು ನ್ಯೂಸ್‌ಪೇಪರ್ ಅಂಟಿಸಿ, ಕಾರ್ಪೆಂಟರ್ ಕೆಲಸದ ಸ್ಟೀಲ್ ಟೇಪಿನಿಂದ ಐದಡಿ ಅಳೆದು, ಕ್ಯಾಮೆರಾ ಇಟ್ಟು, ಲೆನ್ಸನ್ನು ಕೆಂಪು ಚುಕ್ಕೆಗೆ ತಿರುಗಿಸಿದೆ. ಮಿರರ್‌ಲೆಸ್ಸಿನ ಅನುಕೂಲ ಇಲ್ಲೇ ಇರುವುದು: ಕಿಂಡಿಯ ಊಹೆಯಿಲ್ಲ, ಲೆನ್ಸು ಏನು ಕಾಣುತ್ತದೋ ಅದೇ ಪರದೆಯ ಮೇಲೆ, ಹತ್ತು ಪಟ್ಟು ದೊಡ್ಡದಾಗಿ. ಅಕ್ಷರಗಳು ಕೊರೆದಂತೆ ಸ್ಪಷ್ಟ. ಲೆನ್ಸು ಸುಳ್ಳಲ್ಲ, ಚುಕ್ಕೆ ಸುಳ್ಳಲ್ಲ. ಆಮೇಲೆ ಅಪ್ಪನ ಹಳೆಯ ಬಟ್ಟೆ ಟೇಪನ್ನು ಕ್ಯಾಮೆರಾದ ಉಂಗುರಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗೋಡೆಗೆ ಹಿಡಿದು, ಬಿಗಿಯಾಗುವವರೆಗೆ ಸ್ಟ್ಯಾಂಡನ್ನು ಹಿಂದಕ್ಕೆ ಎಳೆದೆ. ಅಕ್ಷರಗಳು ಕರಗಿದವು.

ಎರಡು ಟೇಪನ್ನೂ ಟೇಬಲ್ಲಿನ ಮೇಲೆ ಪಕ್ಕಪಕ್ಕ ಹಾಸಿದೆ. ಬಟ್ಟೆ ಟೇಪು ಅರವತ್ತು ಎನ್ನುವ ಜಾಗ ಸ್ಟೀಲಿನ ಅರವತ್ತನ್ನು ದಾಟಿ ಎರಡಿಂಚಿಗೆ ಸ್ವಲ್ಪ ಕಡಿಮೆಯಷ್ಟು ಆಚೆ ಹೋಗಿತ್ತು. ವರ್ಷಗಟ್ಟಲೆ ಕೊರಳಲ್ಲಿ ತೂಗಿ, ಬೆವರಿಗೆ ನೆನೆದು, ಪ್ರತಿ ಫೋಟೋಗೂ ಒಮ್ಮೆ ಜಗ್ಗಿಸಿಕೊಂಡು ಅದು ಹಿಗ್ಗಿತ್ತು. ಕ್ಯಾಮೆರಾ ಐದಡಿಗಿಂತ ಅಷ್ಟು ಹಿಂದೆ ನಿಂತಿತ್ತು, ಫೋಕಸ್ ಕಣ್ಣಿಗೆ ಮುಟ್ಟದೆ ಮೂಗಿನ ಹತ್ತಿರವೇ ಬಿದ್ದಿತ್ತು. ಟ್ರಂಕಿನಲ್ಲಿ ಮಲಗಿದ್ದಾಗ ಹಿಗ್ಗಿರಬಹುದಲ್ಲ ಎಂದು ನಾನೇ ಪ್ರತಿವಾದ ಹೂಡಿದೆ. ಟ್ರಂಕಿನಲ್ಲಿ ಯಾರೂ ಜಗ್ಗುವುದಿಲ್ಲ.

ಅಪ್ಪ ಮೆಷಿನ್ ನಿಲ್ಲಿಸಿ ಬಂದು ನೋಡಿದ. ಮೊದಲು ಒಪ್ಪಲಿಲ್ಲ.

“ಹಿಗ್ಗಿದ್ರ ಅಂಗಿ ಎಲ್ಲಾ ದೊಡ್ಡವಾಗಬೇಕಿತ್ತಲ್ಲ? ಒಬ್ರನ್ನಾದ್ರೂ ಕೇಳು ಹೋಗು, ನನ್ನ ಅಂಗಿ ದೊಡ್ಡದಾಗೈತಿ ಅಂದೋರು ಊರಾಗ ಒಬ್ರಿಲ್ಲ.”

“ಮೈ ಅಳೆದಿದ್ದೂ ಇದೇ ಟೇಪು, ಬಟ್ಟೆ ಅಳೆದಿದ್ದೂ ಇದೇ ಟೇಪು ಅಪ್ಪ. ಎರಡೂ ಕಡೆ ಒಂದೇ ತಪ್ಪು, ತಪ್ಪು ಕಾಣಲ್ಲ. ಲೆನ್ಸಿಗೆ ಮಾತ್ರ ಈ ಟೇಪಿನ ಪರಿಚಯ ಇರಲಿಲ್ಲ.”

ಅವನು ಬಟ್ಟೆ ಟೇಪನ್ನು ಎತ್ತಿ ಬೆರಳುಗಳ ನಡುವೆ ಎಳೆದ. ಮತ್ತೆ ಹಾಸಿದ. ಕೆಳಗಿನಿಂದ ಅಂಗೈಯಲ್ಲಿ ಸವರಿ, ಸುಕ್ಕು ಇದ್ದರೆ ಸರಿಹೋಗಲಿ ಎಂಬಂತೆ, ಮತ್ತೊಮ್ಮೆ ತುದಿಯನ್ನು ನೋಡಿದ.

“ಹಂಗಾರ ಆಕಿ ಅಲ್ಲಾಡಿಲ್ಲ.”

“ಇಲ್ಲ.”

“ಒಂದೀಟೂ?”

ನಾನು ಲ್ಯಾಪ್‌ಟಾಪ್ ತಿರುಗಿಸಿ ಮೂಗುಬಟ್ಟು ತೋರಿಸಿದೆ. ಅಪ್ಪ ಕನ್ನಡಕ ಹಣೆಗೇರಿಸಿ, ಬಟ್ಟೆಯ ಹೊಲಿಗೆ ನೋಡುವಂತೆ ಬಗ್ಗಿ ನೋಡಿದ. ಖಾಲಿ ಗೂಡಿನ ಮೇಲೆ ಬೆರಳಿಟ್ಟ. “ಈ ಹಳ್ಳು ಬಿದ್ದಿದ್ದು ನನಗ ಹೇಳೇ ಇಲ್ಲ” ಎಂದ. ಆಮೇಲೆ ನಾನು ಯಾವತ್ತೂ ಕೇಳಿರದ ಮಾತು ಬಂತು.

“ಆಸ್ಪತ್ರ್ಯಾಗ ಫೋಟೋ ಒಯ್ದು ತೋರಿಸಿದ್ದೆ ಆಕಿಗೆ. ನೋಡು, ಅಲ್ಲಾಡಿ ಹಾಳ್ ಮಾಡ್ದಿ ಅಂದೆ. ‘ನಾನ್ ಅಲ್ಲಾಡ್ಲಿಲ್ಲ ಕಣ್ರೀ’ ಅಂದ್ಲು. ನಾ ನಕ್ಕೆ. ಎಲ್ಲರೂ ಹಂಗ ಹೇಳ್ತಾರ ಅಂದೆ. ಸಂಜಿಗೆ ಹೊರಡೋ ಮುಂದ ಮತ್ತ ಅದ ಮಾತು, ‘ನಿಜವಾಗ್ಲೂ ಅಲ್ಲಾಡ್ಲಿಲ್ಲ.’ ಮಾರನೇ ದಿನ ಮಾತಾಡಾಕ ಆಗ್ತಿದ್ದಿಲ್ಲ ಆಕಿಗೆ. ನಾ ಹೋಗಿ ಕುಂತೆ. ಕೈ ಹಿಂಗ ಮಾಡಿದ್ಲು.” ಅಪ್ಪ ಬೆರಳನ್ನು ಆಚೀಚೆ ಆಡಿಸಿ ತೋರಿಸಿದ, ಇಲ್ಲ ಎನ್ನುವಂತೆ. “ನಾ ಅಂದೆ, ಆತು ಬಿಡು ಮಾರಾಯ್ತಿ, ಮನಿಗೆ ಬಂದ ಮ್ಯಾಲ ಇನ್ನೊಂದು ತೆಗೀತೀನಿ, ಆಗ ಸುಮ್ಮ ಕುಂದ್ರುವಂತಿ.”

ನಾನು ವಾದ ಮಾಡುವುದು ಅಪ್ಪನಿಂದ ಬಂದ ಗುಣ ಎಂದು ಊರೆಲ್ಲ ಹೇಳುತ್ತದೆ, ನಾನೂ ಹಾಗೆಂದೇ ತಿಳಿದಿದ್ದೆ. ಅಲ್ಲಾಡಿದಿರಿ ಎಂದು ಅಪ್ಪ ಹೇಳಿದ ಅಷ್ಟು ಜನರಲ್ಲಿ ಒಬ್ಬಳೇ ಒಪ್ಪಲಿಲ್ಲ. ಅವಳ ಹತ್ತಿರ ಸ್ಟೀಲ್ ಟೇಪ್ ಇರಲಿಲ್ಲ, ಹತ್ತು ಪಟ್ಟು ದೊಡ್ಡದು ಮಾಡುವ ಪರದೆ ಇರಲಿಲ್ಲ, ಕೊನೆಗೆ ದನಿಯೂ ಇರಲಿಲ್ಲ. ಆದರೂ ಸೋಲೊಪ್ಪಲಿಲ್ಲ. ಎದುರಾಳಿ ಸತ್ತ ಮೇಲೂ ಅಪ್ಪ ಇಷ್ಟು ವರ್ಷ ಗೆಲ್ಲುತ್ತಲೇ ಬಂದಿದ್ದ. ಬಿರುಕು ಹುಡುಕಿದ ನನ್ನ ಖುಷಿ ಎಲ್ಲಿ ಹೋಯಿತೋ.

ಮರುದಿನ ಅಪ್ಪ ಕೇಳಿದ, “ಕಂಪ್ಯೂಟರ್‌ನ್ಯಾಗ ಕಣ್ಣು ಸರಿ ಮಾಡಾಕ ಬರ್ತೈತಂತಲ್ಲ?” ಬರುತ್ತದೆ. ನೆಗೆಟಿವ್ ತೆಗೆದ ವಾರವೇ ನಾನು ಒಂದು ಆ್ಯಪಿಗೆ ಹಾಕಿ ನೋಡಿದ್ದೆ. ರೆಪ್ಪೆ, ಹೊಳಪು ಎಲ್ಲ ಅದು ಕ್ಷಣದಲ್ಲಿ ಕೊಟ್ಟಿತ್ತು. ಅದನ್ನು ತೋರಿಸಿದೆ. ಅಪ್ಪ ನೋಡಿ, “ಇವು ಯಾರ ಕಣ್ಣು?” ಎಂದ. ಯಾರ್ಯಾರದೋ ಲಕ್ಷಾಂತರ ಕಣ್ಣುಗಳ ಸರಾಸರಿ ಇರಬೇಕು. ಅಳಿಸಿಬಿಡು ಎಂದ. ಅಳಿಸಿದೆ.

ಹಾಗೆಂದು ಸುಮ್ಮನೆ ಕೂರಲೂ ಇಲ್ಲ. “ಅತ್ತಿಗೆ ಹೇಳಬೇಕು. ಫೋನಿನ್ಯಾಗ ಬ್ಯಾಡ” ಎಂದ. ಅಜ್ಜಿ ಮಂಡಿನೋವಿನಿಂದ ರಾಯದುರ್ಗಕ್ಕೆ ಬರುವುದನ್ನು ನಿಲ್ಲಿಸಿ ಕೆಲವು ವರ್ಷಗಳಾಗಿದ್ದವು. ಅಪ್ಪ ಆ ಊರಿಗೆ ಹೋಗದೆ ಅದಕ್ಕೂ ಹೆಚ್ಚು ವರ್ಷಗಳಾಗಿದ್ದವು. ಬಿಳಿ ಅಂಗಿ ಇಸ್ತ್ರಿ ಮಾಡಿಕೊಂಡ. ಹೊರಡುವಾಗ ನೋಡಿದರೆ ಜೇಬಿನಲ್ಲಿ ಹಳೆಯ ಟೇಪು ಸುರುಳಿ ಸುತ್ತಿಟ್ಟಿದ್ದ. ನಾನು ಕ್ಯಾಮೆರಾ, ಬಳೆ, ಆ ಲೆನ್ಸು ತೆಗೆದುಕೊಂಡೆ. ಮೂಗುಬಟ್ಟಿನ ದೊಡ್ಡ ಪ್ರಿಂಟು ಕೂಡ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸುವಾಗ ಅಪ್ಪ, “ನಿಮ್ಮಜ್ಜಿ ಏನಂತಾಳ ಅಂತಿ?” ಎಂದು ಕೇಳಿದ. ಬೈಯಲಿ ಎಂದು ಅವನಿಗೆ ಆಸೆ ಇದ್ದಂತೆ ನನಗನ್ನಿಸಿತು.

ಅಜ್ಜಿ ಸೋದರಮಾವನ ಮನೆಯ ಪಡಸಾಲೆಯಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು. ಮಾವ, ಅತ್ತೆ ಹಿಪ್ಪುನೇರಳೆ ತೋಟಕ್ಕೆ ಹೋಗಿದ್ದರು. ಅಜ್ಜಿಯ ತಲೆ ಈಗ ಸಣ್ಣಗೆ ಸದಾ ನಡುಗುತ್ತದೆ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದರಲ್ಲಿ ಪೊರೆ ಹಾಗೇ ಇದೆ. ದನಿಯಿಂದಲೇ ಗುರುತಿಸಿದಳು.

“ಓಹೋ, ಅಳಿಯಂದ್ರು! ದಾರಿ ತಪ್ಪಿ ಬಂದ್ರೇನಪ್ಪ? ಮಳೆ ಬತ್ತದೆ ಇವತ್ತು.”

ಅವಳ ಹಿಂದಿನ ಗೋಡೆಯ ಮೇಲೂ ಅದೇ ಫೋಟೋ, ಅದೇ ಮಸುಕು. ಅಪ್ಪ ಚಾಪೆಯ ಮೇಲೆ ಕೂತ. ನೀರು ಕುಡಿದ. ಪೀಠಿಕೆ ಹಾಕುತ್ತಾನೆಂದುಕೊಂಡಿದ್ದೆ, ಹಾಕಲಿಲ್ಲ.

“ಅತ್ತೀ, ಆಕಿ ಅಲ್ಲಾಡಿದ್ದಿಲ್ಲ. ನನ್ನ ಟೇಪ್ ಹಿಗ್ಗಿತ್ತು. ನಿಮ್ಮ ಮಾತು ಖರೇ ಇತ್ತು.”

ಅಜ್ಜಿಯ ಕೈ ನಿಂತಿತು. ನಾನು ಪ್ರಿಂಟನ್ನು ಅವಳ ಕೈಗೆ ಕೊಟ್ಟು, ಇದು ಮೂಗುಬಟ್ಟು, ಇಲ್ಲಿ ಬೆವರು, ಇಲ್ಲಿ ಒಂದು ಹರಳು ಬಿದ್ದಿದೆ ಎಂದು ಬೆರಳು ಹಿಡಿದು ತೋರಿಸಿದೆ. ಅವಳು ಕಾಗದವನ್ನು ಆಪರೇಷನ್ ಆದ ಕಣ್ಣಿನ ಹತ್ತಿರಕ್ಕೆ, ಮೂಗಿಗೆ ತಾಗುವಷ್ಟು ಹತ್ತಿರಕ್ಕೆ ತಂದಳು. ಮೂಗುಬಟ್ಟು ಅವಳದೇ, ಮಗಳಿಗೆ ಕೊಟ್ಟು ಕಳಿಸಿದ್ದು. “ಊಂ, ನಂದೇ” ಎಂದಳು. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡಳು. ಗೆದ್ದವರ ಮುಖವಾಗಿರಲಿಲ್ಲ ಅದು.

“ಅಲ್ಲಾಡ್ಲೇ ಇಲ್ವಾ?” ಎಂದಳು.

“ಇಲ್ಲ ಅಜ್ಜಿ. ನೀನು ಮೊದಲಿಂದ ಹೇಳ್ತಿದ್ದಲ್ಲ, ಅದೇ ಸರಿ.”

“ಮೊದ್ಲು ಅಂತಿದ್ದೆ ಕಣಮ್ಮ. ನಿಮ್ಮಪ್ಪನ್ನ ಕೆಣಕಾಕೆ.” ತಲೆ ನಡುಗುತ್ತಲೇ ಇತ್ತು. “ಈಚೀಚೆಗೆ ಅಲ್ಲಾಡಿದ್ಲೇನೋ ಅನ್ಕಂಡಿದ್ದೆ. ಏನೋ ಹೇಳಾಕೆ ಬಾಯ್ ತೆಗಿಯಾಕೆ ಓಗಿದ್ಲೇನೋ, ಅಷ್ಟ್ರಾಗೆ ಇವ್ನು ಒತ್ತಿಬುಟ್ನೇನೋ ಅಂತ. ಏನ್ ಹೇಳಾಕೆ ಓಗಿದ್ಲೋ ಅನ್ಕಂಡು ಇಲ್ಲೇ ಕೂತ್ಕಂಡು ನೋಡ್ತಿದ್ದೆ. ಒಂದೊಂದಿನ ಒಂದೊಂದು ಅನ್ಸೋದು.” ಪ್ರಿಂಟನ್ನು ನನ್ನ ಕೈಗೆ ವಾಪಸ್ಸು ಕೊಟ್ಟಳು. “ಸುಮ್ನೆ ಕೂತಿದ್ಲು ಅನ್ನು.”

ನನ್ನ ಹತ್ತಿರ ಇಬ್ಬರಿಗೂ ಕೊಡಲು ಏನೂ ಇರಲಿಲ್ಲ. ಪುರಾವೆ ಒಂದು ಇತ್ತು, ಕೊಟ್ಟಾಗಿತ್ತು. ತಪ್ಪು ತಿದ್ದುವುದು ಒಳ್ಳೆಯದು ಎಂದು ನಾನು ಈಗಲೂ ವಾದಿಸಬಲ್ಲೆ, ಯಾವ ವೇದಿಕೆಯ ಮೇಲಾದರೂ ಸರಿ. ಆ ಪಡಸಾಲೆಯಲ್ಲಿ ವಾದಿಸಲಿಲ್ಲ.

ಕಾಫಿ ನಾನೇ ಮಾಡಿದೆ. ಅದಾದ ಮೇಲೆ ಅಜ್ಜಿ ನನ್ನ ಚೀಲ ಮುಟ್ಟಿ, “ಅದ್ರಾಗೇ ಐತಾ ಆ ಕ್ಯಾಮ್ರಾ?” ಎಂದು ಕೇಳಿದಳು.

“ಕ್ಯಾಮೆರಾ ನಂದು. ಕಣ್ಣು ಅದೇ.”

“ನಂದೊಂದ್ ತೆಗೀರಿ ಅಂಗಾರೆ. ನಿಮ್ಮ್ ಮಾವ ಫೋನ್ನಾಗ್ ತೆಗ್ದಿರೋದು ಒಂದೂ ಚಂದಿಲ್ಲ. ಅವ್ಳ ಪಕ್ಕಕ್ ಆಕಾಕೆ ಬೇಕಾಯ್ತದೆ.”

ಅಪ್ಪ ಎದ್ದ. ಬಾಗಿಲ ಬೆಳಕಿಗೆ ಅಜ್ಜಿಯ ಮಣೆ ಸರಿಸಿದ. ನಾನು ಬಳೆ ಕೂರಿಸಿ, ಲೆನ್ಸು ಹಾಕಿ, ಸ್ಟ್ಯಾಂಡ್ ಹೂಡಿದೆ. ಟೇಪು ಬೇಕಿರಲಿಲ್ಲ. ಪರದೆಯಲ್ಲಿ ಅಜ್ಜಿಯ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು, ಲೆನ್ಸಿನ ಉಂಗುರ ತಿರುಗಿಸಿದರೆ ಸಾಕಿತ್ತು. ಆದರೆ ಅಪ್ಪ ಆಗಲೇ ಜೇಬಿನಿಂದ ಅದನ್ನು ತೆಗೆದು, ಒಂದು ತುದಿಯನ್ನು ನನ್ನ ಕ್ಯಾಮೆರಾಕ್ಕೆ ಸಿಕ್ಕಿಸಿ, ಇನ್ನೊಂದನ್ನು ಅಜ್ಜಿಯ ಕೈಗಿಟ್ಟು, ಆ ಕೈಯನ್ನು ಅವಳ ಕಣ್ಣಿನ ಪಕ್ಕಕ್ಕೆ ಒಯ್ದಿದ್ದ. ನಾನು ಬೇಡ ಎನ್ನಲಿಲ್ಲ. ಸ್ಟ್ಯಾಂಡನ್ನು ಹಿಂದಕ್ಕೆ ಎಳೆದೆ. ಟೇಪು ಬಿಗಿಯಾಯಿತು. ಅಪ್ಪ ಜಗ್ಗಲಿಲ್ಲ.

“ಬಿಡ್ರಿ ಅತ್ತಿ” ಎಂದ. ಅದಾದ ಮೇಲೆ ಹೇಳುವ ಮಾತೊಂದಿತ್ತು. ಅವನ ತುಟಿ ಅದಕ್ಕೆ ಸಿದ್ಧವಾದದ್ದು ನನಗೆ ಕಂಡಿತು. ಹೇಳಲಿಲ್ಲ.

ಅಜ್ಜಿಯೇ ಕೇಳಿದಳು, “ಅಲ್ಲಾಡ್ದಂಗೆ ಕೂತ್ಕಬೇಕೇನಪ್ಪ?”

“ನಿಮಗ ಹೆಂಗ ಬೇಕೋ ಹಂಗ ಕುಂದ್ರಿ.”

ನಾನು ಫೋಕಸನ್ನು ಕಣ್ಣಿಗೆ ತಂದು ಒತ್ತಿದೆ.

ಆ ಫೋಟೋ ಈಗ ನನ್ನ ಮೇಜಿನ ಮೇಲಿದೆ. ಅಜ್ಜಿ ಟೇಪನ್ನು ಬಿಟ್ಟಿಲ್ಲ, ಕೆನ್ನೆಯ ಹತ್ತಿರ ಅವಳ ಬೆರಳುಗಳ ನಡುವೆ ಅರವತ್ತು ಎಂಬ ಅಂಕಿ ಸ್ಪಷ್ಟವಾಗಿ ಓದಲು ಬರುತ್ತದೆ. ತಲೆ ನಡುಗಿದ್ದರಿಂದ ಮುಖ ಪೂರ್ತಿ ಮಸುಕು. ನಿಜವಾದ ಅಲ್ಲಾಟ ಹೇಗಿರುತ್ತದೆ ಎಂದು ಈಗ ಯಾರು ಬೇಕಾದರೂ ನೋಡಬಹುದು: ಕಣ್ಣು, ಮೂಗು, ಕಿವಿಯ ಓಲೆ ಎಲ್ಲವೂ ಒಂದೇ ಕಡೆಗೆ ಎಳೆದಂತಿವೆ. ಇನ್ನೊಂದು ತೆಗೆಯೋಣ ಎಂದೆ. ಅಪ್ಪ ಪರದೆಯನ್ನು ತುಂಬ ಹೊತ್ತು ನೋಡಿ, “ಸಾಕು, ಚೆಂದ ಬಂದೈತಿ” ಎಂದ.

ಅದರಲ್ಲಿ ಅಜ್ಜಿಯ ಬಾಯಿ ಸ್ವಲ್ಪ ತೆರೆದಿದೆ. ಏನು ಹೇಳುತ್ತಿದ್ದಳೆಂದು ನನಗೆ ಗೊತ್ತು, ನಾನಲ್ಲೇ ಇದ್ದೆ. “ಆಯ್ತಾ?” ಎಂದು ಕೇಳುತ್ತಿದ್ದಳು.